ಕೋಲಿನ ಯಜಮಾನರೂ ಕೊನೆಯ ಡ್ರಮ್ಮೂ

ಆ ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಹುಡುಕಿಕೊಂಡು ಹೋಗುತ್ತೀರಿ. ಹೋದರೆ ಅಲ್ಲಿನವರು ಕೊರಳಿಗೊಂದು ಹಾರ ಹಾಕಿ, ಕೂರಿಸಿ, ತಮ್ಮ ಬ್ಯಾಂಡಿನ ಇತಿಹಾಸ ಹೇಳಲು ಶುರು ಮಾಡುತ್ತಾರೆ. ಆ ಇತಿಹಾಸ ಕೇಳುತ್ತ ಆಕಳಿಸಿದ ಒಬ್ಬ ಅತಿಥಿಯ ಬಾಯಿ ಇನ್ನೂ ಮುಚ್ಚಿಲ್ಲವಂತೆ, ಅದರಲ್ಲಿ ಗುಬ್ಬಿ ಗೂಡು ಕಟ್ಟಿದೆಯಂತೆ. ಅದಕ್ಕಿಂತ ನಾನು ಹೇಳುವುದೇ ವಾಸಿ. ನಾನು ಚಿಕ್ಕದಾಗಿ ಹೇಳುತ್ತೇನೆ. ಸುಳ್ಳನ್ನು ಉಪ್ಪಿನಷ್ಟೇ ಹಾಕುತ್ತೇನೆ.

ಅದು ಕೋಟೆಯ ಊರು. ಕೋಟೆಯೊಳಗೆ ಸೈನ್ಯ, ಸೈನ್ಯದ ಮುಂದೆ ಬ್ಯಾಂಡು, ಬ್ಯಾಂಡಿನ ಮುಂದೆ ಬೆಳ್ಳಿ ಹಿಡಿಯ ಕೋಲು ಹಿಡಿದ ಯಜಮಾನರು, ಯಜಮಾನರ ಮುಂದೆ ಅವರ ಹೊಟ್ಟೆ. ಇದು ನಡೆಯುವ ಕ್ರಮ. ಊರಿಗೆ ಇದ್ದ ಕಟ್ಟಳೆ ಒಂದೇ. ಸೈನ್ಯಕ್ಕೆ ಸೇರಿದವನ ಎರಡೂ ಪಾದಗಳನ್ನು ಯಜಮಾನರು ಕೋಲಿನ ತುದಿಯಿಂದ ಮುಟ್ಟಿ, “ಹೊಸ್ತಿಲ ಒಳಗೆ ಈ ಕಾಲು ನಿನ್ನದು, ಹೊಸ್ತಿಲ ಹೊರಗೆ ವಾದ್ಯದ್ದು” ಅನ್ನುತ್ತಿದ್ದರು. ಅಂದರು ಅಂದರೆ ಮುಗಿಯಿತು. ವಾದ್ಯ ಎದ್ದರೆ ಕಾಲು ಏಳಬೇಕು. ವಾದ್ಯ ಇಳಿದರೆ ಕಾಲು ಇಳಿಯಬೇಕು. ವಾದ್ಯ ಸುಮ್ಮನಾದರೆ, ಎದುರಿಗೆ ಹಾವು ಹೆಡೆಯೆತ್ತಿ ನಿಂತರೂ, ಕಾಲು ನೆಲಕ್ಕೆ ಮೊಳೆ ಹೊಡೆದ ಹಾಗೆ ಇರಬೇಕು. ಇರಬೇಕು ಅಂದರೆ ಯಾರೋ ಹೇಳಿದ್ದಕ್ಕೆ ಅಲ್ಲ. ನಿಜವಾಗಿಯೂ ಏಳುತ್ತಿರಲಿಲ್ಲ. ನೀವು ಎರಡೂ ಕೈಯಲ್ಲಿ ತೊಡೆ ಹಿಡಿದು ಎತ್ತಿ ನೋಡಿ, ತೊಡೆ ನೋಯುತ್ತದೆ, ಪಾದ ಅಲ್ಲೇ ಇರುತ್ತದೆ.

ಇಂಥ ಊರಿನಲ್ಲಿ ನಾನು ಯಾರು ಗೊತ್ತೇ? ದೊಡ್ಡ ಡ್ರಮ್ಮು. ಅಲ್ಲಿ ಮನುಷ್ಯರಿಗೆ ಹೆಸರಿಲ್ಲ, ಹಿಡಿದ ವಾದ್ಯವೇ ಹೆಸರು. ನಾನು ಡ್ರಮ್ಮು, ನನ್ನಪ್ಪ ಡ್ರಮ್ಮು, ನಮ್ಮ ತಾತ ಎಂಥ ಡ್ರಮ್ಮು ಅಂದರೆ ಅವನು ಸತ್ತ ಮೇಲೂ ಹೊಟ್ಟೆ ತಟ್ಟಿದರೆ ಢಂ ಅನ್ನುತ್ತಿತ್ತು. ಇನ್ನು ನನ್ನ ಏಟಿನ ವಿಚಾರ ನಾನೇ ಹೇಳಿಕೊಳ್ಳಬಾರದು, ಬೇರೆ ಯಾರೂ ಹೇಳುವುದಿಲ್ಲವಾದ್ದರಿಂದ ಹೇಳುತ್ತೇನೆ. ನಾನು ಬೆಳಗ್ಗೆ ಒಂದು ಏಟು ಕೊಟ್ಟರೆ ಆಚೆ ಊರಿನಲ್ಲಿ ಕಡೆಯದೆ ಬೆಣ್ಣೆ ತೇಲುತ್ತಿತ್ತು. ಮೋಡಗಳು ನನ್ನನ್ನು ಕೇಳಿ ಗುಡುಗುತ್ತಿದ್ದವು. ಹುಸಿಯಾದರೆ ನನ್ನ ತಲೆಕೂದಲು ಉದುರಿ ಹೋಗಲಿ. ಈಗ ಉದುರಿರುವುದು ಬೇರೆ ಕಾರಣಕ್ಕೆ.

ಇತಿಹಾಸಕ್ಕೆ ಬರೋಣ. ಮೊದಲ ಯಜಮಾನರು ಬಹಳ ದೊಡ್ಡವರು. ಎಷ್ಟು ದೊಡ್ಡವರೆಂದರೆ ಅವರ ಕೋಟು ಕೋಟೆಯ ಚಾವಡಿಯಲ್ಲಿ ತೂಗುತ್ತಿದ್ದಾಗ, ಬೇಸಿಗೆಯಲ್ಲಿ ಅದರ ನೆರಳಿಗೆ ನಾಯಿಗಳು ಮಲಗುತ್ತಿದ್ದವು. ಅವರು ಯುದ್ಧ ಗೆದ್ದವರಂತೆ. ಯಾರ ಜೊತೆ ಅಂತ ಕೇಳಬಾರದು. ಆ ಊರಿಗೆ ಶತ್ರು ಬಂದದ್ದೇ ಇಲ್ಲ. ಒಮ್ಮೆ ಯಾರೋ ದಾರಿ ತಪ್ಪಿ ಬಂದು, ಬ್ಯಾಂಡಿನ ಸದ್ದು ಕೇಳಿ, ಇಲ್ಲಿ ಮದುವೆ ಇರಬೇಕು ಅಂದುಕೊಂಡು, ಆಹ್ವಾನವಿಲ್ಲದ ಊಟ ಬೇಡವೆಂದು ವಾಪಸಾದರಂತೆ. ಅದನ್ನೇ ವಿಜಯ ಎಂದು ಕಲ್ಲಿನಲ್ಲಿ ಕೆತ್ತಿಸಿದ್ದಾರೆ.

ಸೈನ್ಯಕ್ಕೆಲ್ಲ ಮೊದಲು ತಮ್ಮ ಪಾದವನ್ನೇ ಕೋಲಿನಿಂದ ಮುಟ್ಟಿಕೊಂಡವರು ಅವರು. ಹಾಗಾಗಿ ಸಾಯುವಾಗ ಅವರಿಗೊಂದು ಚಿಂತೆ ಹತ್ತಿತು. “ಆ ಕಡೆಯ ದಾರೀಲಿ ವಾದ್ಯ ಇರುತ್ತೋ ಇಲ್ಲವೋ. ನನ್ನ ಕಾಲು ಏಳದೆ ಹೋದರೆ ಹೇಗೆ? ತುತ್ತೂರಿ ನನ್ನ ಜೊತೆ ಇಡಿ” ಅಂದರು. ಇಟ್ಟರು. ಕೋಟೆಯ ಹೊರಗಿನ ದಿಬ್ಬದಲ್ಲಿ ಅವರನ್ನೂ ತುತ್ತೂರಿಯನ್ನೂ ಒಟ್ಟಿಗೆ ಹೂತರು. ತುತ್ತೂರಿಯವನನ್ನು ಮನೆಗೆ ಕಳಿಸಲಿಲ್ಲ. ಕಳಿಸಿದರೆ ಬ್ಯಾಂಡು ಚಿಕ್ಕದಾಯಿತು ಎಂದು ಜನ ಅಂದಾರು. ಅವನಿಗೆ ‘ಮೌನವಿದ್ವಾನ್’ ಎಂದು ಬಿರುದು ಕೊಟ್ಟು, ಎದೆಗೊಂದು ಪದಕ ಚುಚ್ಚಿ, ಅದೇ ಸಾಲಿನಲ್ಲಿ ಬರಿಗೈಯಲ್ಲಿ ನಿಲ್ಲಿಸಿದರು. ಬ್ಯಾಂಡು ನುಡಿಸುವಾಗ ಅವನು ಕೆನ್ನೆ ಉಬ್ಬಿಸಬೇಕು, ಬೆರಳು ಆಡಿಸಬೇಕು. ಅಷ್ಟು ಮಾಡಿದರೆ ಸಾಕು.

ಅಷ್ಟು ಸಾಕಾಗಿಬಿಟ್ಟಿತು ನೋಡಿ, ಅದೇ ಕೇಡು.

ಎರಡನೆಯವರು ಮೊದಲನೆಯವರಿಗಿಂತ ಕಡಿಮೆಯೇ? ಅವರು ಕ್ಲಾರಿನೆಟ್ಟುಗಳನ್ನೆಲ್ಲ ತೆಗೆದುಕೊಂಡು ಹೋದರು. ಅವರ ನಂತರ ಬಂದವರು ಬಹಳ ಸರಳ ಮನುಷ್ಯರು. ನೆಲದ ಮೇಲೆ ಮಲಗುತ್ತಿದ್ದರು, ನಾಲ್ಕು ಹಾಸಿಗೆ ಹಾಕಿಕೊಂಡು. “ನನಗೆ ದೊಡ್ಡದೇನೂ ಬೇಡಪ್ಪ, ಆ ಸಣ್ಣ ಕೊಳಲು ಇಟ್ಟರೆ ಸಾಕು” ಅಂದು ಕಣ್ಣು ಮುಚ್ಚಿದರು. ಊರೆಲ್ಲ ಅತ್ತಿತು. ಮರುದಿನ ಬೆಳಗ್ಗೆ ಸೈನ್ಯವೆಲ್ಲ ಅತ್ತಿತು, ಯಾಕೆಂದರೆ ಮನೆಯ ಹಿತ್ತಿಲಿಗೆ, ಕೆರೆಯ ಕಡೆಗೆ ಒಬ್ಬೊಬ್ಬರೇ ಹೋಗಿಬರಲು ಇದ್ದದ್ದು ಆ ಕೊಳಲೊಂದೇ. ಅಂದಿನಿಂದ ಆ ಕೆಲಸಕ್ಕೂ ಇಡೀ ಬ್ಯಾಂಡು, ಇಡೀ ಸೈನ್ಯ ಸಾಲಾಗಿ ಹೋಗಬೇಕಾಯಿತು. ದೊಡ್ಡವರ ದರ್ಪವನ್ನಾದರೂ ತಡೆದುಕೊಳ್ಳಬಹುದು, ಸರಳತೆಯನ್ನು ತಡೆಯುವುದು ಕಷ್ಟ.

ಹೀಗೆ ಒಬ್ಬರು ಕಹಳೆ, ಒಬ್ಬರು ತಾಳ, ಒಬ್ಬರು ಚಿಕ್ಕ ಡ್ರಮ್ಮು. ಒಬ್ಬ ಪುಣ್ಯಾತ್ಮರು ಕೋಲು ಹಿಡಿದ ಸಂಭ್ರಮದಲ್ಲೇ ಎದೆಯೊಡೆದು ಸತ್ತರು, ಆದರೂ ಅಷ್ಟರಲ್ಲಿ ಸ್ಯಾಕ್ಸೋಫೋನ್ ಬೇಕೆಂದು ಹೇಳಿಟ್ಟಿದ್ದರು. ದಿಬ್ಬ ಎತ್ತರವಾಯಿತು. ಪ್ರತಿ ಗೋರಿಯ ಮೇಲೂ ಒಂದು ಕಲ್ಲು, ಪ್ರತಿ ಕಲ್ಲಿನ ಮೇಲೂ ಒಂದೇ ಸಾಲು: ‘ಇವರ ಕಾಲದಲ್ಲಿ ವಾದ್ಯ ಉತ್ತುಂಗಕ್ಕೇರಿತು.’ ವಾದ್ಯ ಇದ್ದದ್ದು ಕಲ್ಲಿನ ಕೆಳಗೆ.

ನನ್ನ ಕಾಲಕ್ಕೆ ಬರುವ ಹೊತ್ತಿಗೆ ಸದ್ದು ಮಾಡುವ ವಾದ್ಯ ಉಳಿದದ್ದು ಒಂದೇ. ನನ್ನದು. ಮಿಕ್ಕವರೆಲ್ಲ ಅಪ್ಪಂದಿರಿಂದ ಬಿರುದು ಪಡೆದು ಜರತಾರಿ ಅಂಗಿ ತೊಟ್ಟ ಮೌನವಿದ್ವಾಂಸರು. ಹಬ್ಬದ ದಿನ ಕೋಟೆಯ ಬಯಲಿನಲ್ಲಿ ನಾವು ಕಛೇರಿ ಕೊಡುತ್ತಿದ್ದೆವು. ಅವರೆಲ್ಲ ಕೆನ್ನೆ ಉಬ್ಬಿಸಿ ಗಾಳಿಯಲ್ಲಿ ಬೆರಳಾಡಿಸುವುದು, ನಾನು ಢಂ ಅನ್ನುವುದು. ಮತ್ತೆ ಅವರು ಕೆನ್ನೆ, ನಾನು ಢಂ. ಮುಂದಿನ ಸಾಲಿನಲ್ಲಿ ಕುಳಿತ ಊರಿನ ರಸಿಕರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. “ಆ ಕ್ಲಾರಿನೆಟ್ಟು ಇವತ್ತು ಏನು ನುಡಿದುಬಿಟ್ಟಿತು ರೀ” ಅನ್ನುತ್ತಿದ್ದರು. ಒಬ್ಬರು ಮಾತ್ರ ತುತ್ತೂರಿ ಸ್ವಲ್ಪ ಜಾಸ್ತಿಯಾಯಿತು ಅಂದರು. ಅವರನ್ನು ವಿಮರ್ಶಕರು ಎಂದು ಕರೆದು ಸನ್ಮಾನಿಸಿದರು.

ಆದರೆ ಸಂಜೆ ಸೈನ್ಯವನ್ನು ಮನೆ ಮುಟ್ಟಿಸುತ್ತಿದ್ದವನು ನಾನು. ನಾನು ಢಂ ಢಂ ಅನ್ನುತ್ತ ಬೀದಿಯಲ್ಲಿ ಬಂದರೆ ಹಿಂದೆ ಸಿಪಾಯಿಗಳು, ಅವರ ಹಿಂದೆ ವಿದ್ವಾಂಸರು. ಹಾಲಿನವನು ಹಾಲು ಹಾಕಿದಂತೆ ಮನೆಮನೆಗೆ ಒಬ್ಬೊಬ್ಬನನ್ನು ಹಾಕಿ, ಕಡೆಗೆ ನನ್ನ ಡ್ರಮ್ಮು ನಾನೇ ಬಡಿದುಕೊಂಡು ನನ್ನ ಹೊಸ್ತಿಲು ದಾಟುತ್ತಿದ್ದೆ. ಇಡೀ ಸೈನ್ಯದಲ್ಲಿ ತನ್ನ ಕಾಲಿಗೆ ತಾನೇ ದೊರೆಯಾದವನು ನಾನೊಬ್ಬ. ಈ ಮಾತು ಹೇಳಿದಾಗೆಲ್ಲ ನನ್ನವಳು, “ಹೌದು ದೊರೆ, ಕೈ ತೊಳ್ಕೊಂಡು ಬನ್ನಿ” ಅನ್ನುತ್ತಿದ್ದಳು.

ನನ್ನವಳು ಹುರಿಗಾಳು ಮಾರುವವಳು. ಅವಳ ಬಾಣಲೆಯಲ್ಲಿ ಕಡಲೆ ಸಿಡಿಯುವುದಕ್ಕಿಂತ ಅವಳ ಬಾಯಲ್ಲಿ ಮಾತು ಸಿಡಿಯುವುದು ಹೆಚ್ಚು. ಕಾಲಿಗೆ ಕೋಲು ಮುಟ್ಟಿಸಿಕೊಳ್ಳದವಳು, ಎಲ್ಲಿ ಬೇಕಾದರೂ ನಡೆಯುವವಳು.

ನಮ್ಮ ಯಜಮಾನರು ಕಾಯಿಲೆ ಬಿದ್ದರು. ಅವರು ಯಜಮಾನರಾದದ್ದು ಹೇಗೆ ಅಂತ ಹೇಳಲಿಲ್ಲ ಅಲ್ಲವೇ. ಮೊದಲ ಯಜಮಾನರ ಆ ಕೋಟು ತೊಡಿಸುತ್ತಾರೆ. ಯಾರ ಹೊಟ್ಟೆಗೆ ಗುಂಡಿಗಳು ಬಿಗಿಯಾಗಿ ನಿಲ್ಲುತ್ತವೋ ಅವರಿಗೆ ಕೋಲು. ಸ್ವರ ಗೊತ್ತೇ ಎಂದು ಕೇಳುವುದಿಲ್ಲ, ಕೇಳುವುದು ಅಸಭ್ಯ. ನಮ್ಮವರು ಎಳವೆಯಿಂದ ಹೋಳಿಗೆ ತಿಂದು ತಿಂದು ಸಾಧನೆ ಮಾಡಿ ಆ ಕೋಟು ತುಂಬಿದ್ದರು. ಅವರ ಅಳಿಯ, ಕಿರಿಯ ಯಜಮಾನರು, ಪಕ್ಕದಲ್ಲೇ ಕುಳಿತು ಈಗ ತಿನ್ನುತ್ತಿದ್ದರು.

ನನ್ನನ್ನು ಕರೆಸಿದರು.

“ಏನಪ್ಪಾ ಡ್ರಮ್ಮು, ಚೆನ್ನಾಗಿದೀಯಾ?”

“ತಮ್ಮ ದಯ ಬುದ್ಧಿ.”

“ನನ್ನ ಜೊತೆ ಏನು ಬರುತ್ತೆ ಅಂತ ಯೋಚನೆ ಮಾಡ್ತಿದ್ದೆ.”

ನನ್ನ ಎದೆ ಢಂ ಅಂದಿತು. “ಬುದ್ಧಿ, ಆ ಬೆಳ್ಳಿ ಕೋಲೇ ತಗೊಂಡು ಹೋಗಿ. ಅದಕ್ಕಿಂತ ದೊಡ್ಡದು ಯಾವುದಿದೆ?” ಅಂದೆ.

ಅಳಿಯದೇವರ ಕೈಯಲ್ಲಿದ್ದ ಹೋಳಿಗೆ ಅಲ್ಲೇ ನಿಂತಿತು. “ಕೋಲು ಹೋದ್ರೆ ಬ್ಯಾಂಡು ಉಳಿಯುತ್ತೇನಯ್ಯಾ? ಕೋಲು ಇದ್ರೆ ತಾನೇ ಬ್ಯಾಂಡು” ಅಂದರು.

“ಅದೂ ಸರಿ. ಕೋಲು ಇರಲಿ. ಡ್ರಮ್ಮು ಬರಲಿ” ಅಂದರು ಯಜಮಾನರು.

“ಡ್ರಮ್ಮು ಹೋದ್ರೆ ಕಾಲು ಏಳೋದು ಹೇಗೆ ಬುದ್ಧಿ? ನಿಂತ ಕಡೆ ನಿಂತುಬಿಡ್ತೀವಿ. ನಾನು ಮನೆಗೆ ಹೋಗೋದು ಹೇಗೆ?”

“ಅದು ಮುಂದಿನವರ ವಿಚಾರ” ಎಂದು ಅವರು ಗೋಡೆಯ ಕಡೆ ತಿರುಗಿದರು.

“ಅದು ಹಿಂದಿನವರ ತೀರ್ಮಾನ” ಎಂದು ಅಳಿಯ ಹೋಳಿಗೆ ಮುರಿದರು. ಆಮೇಲೆ ನನ್ನ ಮುಖ ನೋಡಿ, “ನೀನು ಚಿಂತೆ ಮಾಡಬೇಡಯ್ಯ. ನಿನಗೆ ಮಹಾಮೌನವಿದ್ವಾನ್ ಅಂತ ಕೊಡ್ತೀನಿ. ಪದಕ ಮಿಕ್ಕವರದಕ್ಕಿಂತ ಒಂದು ಬೆರಳು ಅಗಲ” ಅಂದರು.

ಮನೆಗೆ ಬಂದು ಹೇಳಿದೆ. ನನ್ನವಳು ಬಾಣಲೆ ಕೆಳಗಿಟ್ಟಳು.

“ಅಂದ್ರೆ, ನಾಳೆಯಿಂದ ನೀವು ಎಲ್ಲಿ ನಿಲ್ತೀರೋ ಅಲ್ಲೇ.”

“ಹಾಗಲ್ಲ ಕಣೇ. ಅವರೇನೋ ಯೋಚನೆ ಮಾಡಿರ್ತಾರೆ.”

“ಯಾರು? ಆ ಹೋಳಿಗೆನಾ? ಅನ್ನಬೇಕಿತ್ತು ನೀವು, ಕೊಡಲ್ಲ ಅಂತ.”

“ಅಂದೆ ಅಂತ ಇಟ್ಕೋ. ಮೂರು ತಲೆಮಾರಿನ ಮರ್ಯಾದೆ ಏನಾಗುತ್ತೆ? ಪದಕ ಬೇರೆ ಒಂದು ಬೆರಳು ಅಗಲ.”

“ಹಾಗೇ ಅದರ ಮೇಲೆ ನಿಂತ್ಕೊಳ್ಳಿ” ಅಂದು ಬಾಣಲೆ ಮತ್ತೆ ಒಲೆಗಿಟ್ಟಳು. ಅವತ್ತಿನ ಕಡಲೆ ಎಲ್ಲ ಸೀದುಹೋಯಿತು.

ಯಜಮಾನರು ಹೋದರು. ಹೆಣ ಹೊರುವವರು ಸಿಪಾಯಿಗಳು, ಹಾಗಾಗಿ ದಿಬ್ಬದವರೆಗೆ ವಾದ್ಯ ಬೇಕು. ಅಂದು ನಾನು ಬಡಿದ ಹಾಗೆ ಹಿಂದೆಂದೂ ಬಡಿದಿರಲಿಲ್ಲ. ಢಂ, ಸೈನ್ಯದ ಕಾಲು ಎದ್ದಿತು. ಢಂ, ಸೈನ್ಯದ ಕಾಲು ಇಳಿಯಿತು. ಢಂ, ಕಾಗೆಗಳು ಎದ್ದವು. ಢಂ, ಇಳಿಯುವುದು ಹೇಗೆಂದು ತಿಳಿಯದೆ ಮೇಲೆಯೇ ಉಳಿದವು. ಮೌನವಿದ್ವಾಂಸರು ದುಃಖದಿಂದ ಕೆನ್ನೆ ಉಬ್ಬಿಸಿದ್ದರು. ಅಳಿಯದೇವರು, ಈಗ ಹೊಸ ಯಜಮಾನರು, ಕೋಟು ತೊಟ್ಟು, ಗುಂಡಿಗಳು ಬಿಗಿದು, ಕಟ್ಟಳೆಯಂತೆ ತಮ್ಮ ಪಾದ ತಾವೇ ಕೋಲಿನಿಂದ ಮುಟ್ಟಿಕೊಂಡು, ಮುಂದೆ ಕೋಲು ಎತ್ತಿ ಹೊರಟಿದ್ದರು. ಅವರಿಗೆ ಆ ದಿನ ಎಷ್ಟು ಖುಷಿಯೆಂದರೆ, ಅಳುವ ಮುಖ ಮಾಡಲು ಹೋಗಿ ಸೀನಿದರು.

ಗುಂಡಿಯಲ್ಲಿ ಯಜಮಾನರನ್ನು ಇಳಿಸಿದರು. ಪಕ್ಕದಲ್ಲಿ ಡ್ರಮ್ಮು ಇಳಿಸಿದರು. ಸಂಪ್ರದಾಯದಂತೆ ನಾನು ಗುಂಡಿಯ ಅಂಚಿನಲ್ಲಿ ಬಗ್ಗಿ ಕೊನೆಯ ಏಟು ಕೊಟ್ಟು ಬಡಿಗೆಯನ್ನೂ ಒಳಗೆ ಹಾಕಿದೆ. ಮಣ್ಣು ಮುಚ್ಚಿದರು. ನನಗೆ ಪದಕ ಚುಚ್ಚಿದರು. ನಿಜಕ್ಕೂ ಒಂದು ಬೆರಳು ಅಗಲ ಇತ್ತು.

“ಕೋಟೆಗೆ. ಮುಂದೆ ನಡೆ” ಎಂದು ಹೊಸ ಯಜಮಾನರು ಕೋಲು ಎತ್ತಿದರು.

ವಿದ್ವಾಂಸರು ಕೆನ್ನೆ ಉಬ್ಬಿಸಿದರು. ನಾನೂ ಬರಿಗಾಳಿಯನ್ನು ಬಡಿದೆ. ಒಂದು ಕಾಲೂ ಏಳಲಿಲ್ಲ.

“ಮುಂದೆ ನಡೆ.”

ಏಳಲಿಲ್ಲ.

“ಇದು ಅವಿಧೇಯತೆ. ನನ್ನ ಮೊದಲ ಅಪ್ಪಣೆಗೇ” ಎಂದು ಅವರು ಮುಂದಿನ ಸಾಲಿನ ತುತ್ತೂರಿಯ ಕೆನ್ನೆಗೆ ಬಾರಿಸಲು ಹೊರಟರು. ಹೊರಟದ್ದು ಸೊಂಟದ ಮೇಲಿನ ಭಾಗ ಮಾತ್ರ. ಪಾದಗಳು ಇದ್ದಲ್ಲೇ ಇದ್ದವು. ಅವರು ಕೆಳಗೆ ನೋಡಿಕೊಂಡರು. ಹೊಟ್ಟೆ ಅಡ್ಡ ಇದ್ದುದರಿಂದ ಪಾದ ಕಾಣಲಿಲ್ಲ.

“ಡ್ರಮ್ಮು, ನನ್ನ ಕಾಲು ಅಲ್ಲಿದೆಯಾ ನೋಡು.”

“ಇದೆ ಬುದ್ಧಿ. ಚೆನ್ನಾಗಿ ಊರಿಕೊಂಡಿದೆ.”

ನೋಡಲು ಬಂದಿದ್ದ ಊರಿನ ಗಣ್ಯರು ಇದೂ ಕಟ್ಟಳೆಯ ಒಂದು ಭಾಗವೆಂದು ತಿಳಿದರು. “ಏನು ಶಿಸ್ತು, ಏನು ಶೋಕಾಚರಣೆ. ಕಣ್ಣುರೆಪ್ಪೆ ಬಿಟ್ಟು ಒಂದೂ ಅಲ್ಲಾಡ್ತಿಲ್ಲ” ಅಂದರು. ಎಲ್ಲರಿಗೂ ಹಾರ ಹಾಕಿದರು. ಹೊಗಳಿಕೆಯ ಭಾಷಣ ಮಾಡಿದರು. ನಾನು ಒಳಗೊಳಗೇ ಪಾದಕ್ಕೆ ಹೇಳಿದೆ, ಏಳಪ್ಪ, ಎಷ್ಟು ಚೆನ್ನಾಗಿ ಹೊಗಳುತ್ತಿದ್ದಾರೆ, ಒಂದು ಸಲ ಏಳು. ಏಳಲಿಲ್ಲ. ಹೊಗಳಿಕೆಯಿಂದ ತಲೆ ಏಳುತ್ತದೆ, ಪಾದ ಏಳುವುದಿಲ್ಲ. ಊಟದ ಹೊತ್ತಾಯಿತೆಂದು ಗಣ್ಯರು ಹೊರಟುಹೋದರು. ನಾವು ಬಿಸಿಲಿನಲ್ಲಿ ನಿಂತೆವು. ಹಾರದ ಹೂವು ಬಾಡಿತು. ಇರುವೆಗಳು ಬೂಟು ಹತ್ತಿ, ಇಳಿದು, ದಾರಿ ಮಾಡಿಕೊಂಡವು. ನನಗೆ ಆಗ ನಿಜವಾಗಿ ಅರ್ಥವಾಯಿತು: ನಾನು ಇನ್ನು ನನ್ನ ಹೊಸ್ತಿಲು ಕಾಣುವುದಿಲ್ಲ. ಪದಕ ಬಿಸಿಯೇರಿ ಎದೆ ಸುಡುತ್ತಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ದಿಬ್ಬದ ಕೆಳಗೆ ಒಂದು ಬುಟ್ಟಿ ಕಂಡಿತು. ಬುಟ್ಟಿಯ ಕೆಳಗೆ ನನ್ನವಳು.

“ಏನ್ರೀ” ಅಂದಳು. ಅಷ್ಟೇ. ನನ್ನ ಹಿಮ್ಮಡಿ ಕೊಂಚ ಅದುರಿತು. ಇರುವೆ ಇರಬೇಕು ಅಂದುಕೊಂಡೆ.

“ಏನ್ರೀ, ಹೇಳಿದ್ನೋ ಇಲ್ವೋ ನಾನು? ಕೊಡಬೇಡಿ ಅಂದ್ನೋ ಇಲ್ವೋ? ಮಧ್ಯಾಹ್ನ ಮುದ್ದೆ ಕಟ್ಟಿ ಇಟ್ಟು ಕೂತೆ, ಆರಿತು. ಸಾರು ಬಿಸಿ ಮಾಡಿದೆ, ಆರಿತು. ಮತ್ತೆ ಬಿಸಿ ಮಾಡಿದೆ, ಮತ್ತೆ ಆರಿತು. ಇಲ್ಲಿ ನಿಂತಿದೀರಾ ಹಾರ ಹಾಕ್ಕೊಂಡು, ಸಂತೆಗೆ ಬಂದ ಎತ್ತಿನ ಹಾಗೆ. ಮೂರು ತಲೆಮಾರು ಡ್ರಮ್ಮು ಹೊತ್ತು ಬುದ್ಧಿನೂ ಡ್ರಮ್ಮಾಯ್ತು, ಒಳಗೆಲ್ಲ ಟೊಳ್ಳು. ಆ ಬಿಲ್ಲೆ ಬೇಯಿಸಿ ತಿಂತೀರಾ? ನಡೀರಿ. ನಡೀರಿ ಅಂದೆ.”

ನೋಡ್ರಪ್ಪ, ನಾನು ಎಷ್ಟೋ ವಾದ್ಯ ಕೇಳಿದವನು. ಹೇಳಿದ್ನೋ ಇಲ್ವೋ ಅನ್ನುವಾಗ ಬಲಗಾಲು ಎದ್ದಿತು. ಅಂದ್ನೋ ಇಲ್ವೋ ಅನ್ನುವಾಗ ಎಡಗಾಲು ಎದ್ದಿತು. ಮುದ್ದೆ ಆರಿತು ಅನ್ನುವ ಹೊತ್ತಿಗೆ ನಾನು ಗೋರಿಗಳ ಸಾಲು ದಾಟಿದ್ದೆ. ಇಷ್ಟು ವರ್ಷ ಇದು ಯಾಕೆ ಗೊತ್ತಾಗಲಿಲ್ಲ ಅಂತೀರಾ? ಇಷ್ಟು ವರ್ಷ ನಾವು ಬೈಸಿಕೊಂಡದ್ದು ಮನೆಯೊಳಗೆ, ಕೂತುಕೊಂಡು. ಹೊಸ್ತಿಲ ಹೊರಗೆ ನಿಂತು ಬೈಸಿಕೊಂಡ ಸಿಪಾಯಿ ಒಬ್ಬನೂ ಇರಲಿಲ್ಲ.

ಹಿಂದಿನಿಂದ ತುತ್ತೂರಿ ಕೂಗಿದ, “ಅಕ್ಕಾ, ನನಗೂ ಎರಡು ಮಾತು ಬೈದು ಹೋಗಕ್ಕಾ.”

“ನಿನಗೆ ನಾನ್ಯಾಕೋ ಬೈಲಿ? ನಿಮ್ಮವ್ವ ಇಲ್ವಾ? ಕಳಿಸ್ತೀನಿ ಇರು.”

ಬೀದಿಯಲ್ಲಿ ಅವಳು ಬಾಗಿಲು ಬಾಗಿಲಿಗೂ ಹೇಳಿದಳು. ಆಮೇಲೆ ನೀವು ನೋಡಬೇಕಿತ್ತು. ದಿಬ್ಬಕ್ಕೆ ಹೆಂಗಸರು ಹತ್ತಿದರು. ಹೆಂಡತಿಯರು ಬಂದರು, ತಾಯಂದಿರು ಬಂದರು. ಕೋಲೂರಿಕೊಂಡು ಒಬ್ಬಳು ಅಜ್ಜಿ ಬಂದು ಮೊಮ್ಮಗ ಸುಬೇದಾರನಿಗೆ, “ಮೂಗು ಒರೆಸ್ಕೊಳ್ಳೋಕೆ ಬರಲ್ಲ, ಪದಕ ಬೇರೆ ಕೇಡು ಮೂಳನಿಗೆ” ಅಂದಳು, ಸುಬೇದಾರ ಜಿಂಕೆಯ ಹಾಗೆ ನೆಗೆದ. ಕ್ಲಾರಿನೆಟ್ಟಿಗೆ ಮನೆಯಲ್ಲಿ ಯಾರೂ ಇರಲಿಲ್ಲ, ಪಕ್ಕದ ಮನೆಯಾಕೆ ಬಂದು, ಅವನು ಬಿಟ್ಟು ಬಂದ ಕೋಳಿ ತನ್ನ ಸೊಪ್ಪಿನ ಮಡಿಯನ್ನೆಲ್ಲ ಕೆದಕಿದ್ದಕ್ಕೆ ಜನ್ಮ ಜಾಲಾಡಿದಳು. ಅವನು ಕಣ್ಣಲ್ಲಿ ನೀರು ತುಂಬಿಕೊಂಡು ನಡೆದ. ಬ್ಯಾಂಡು ಹುಟ್ಟಿದಾಗಿನಿಂದ ಆ ಊರು ಅಷ್ಟು ಚೆನ್ನಾಗಿ ಹೆಜ್ಜೆ ಹಾಕಿದ್ದೇ ಇಲ್ಲ.

ಕಡೆಗೆ ದಿಬ್ಬದಲ್ಲಿ ಉಳಿದವರು ಹೊಸ ಯಜಮಾನರು.

ಅವರ ಹೆಂಡತಿಯೂ ಬಂದಿದ್ದರು, ಆರತಿ ತಟ್ಟೆಯೊಡನೆ. “ನಮ್ಮೆಜಮಾನ್ರು ನಿಂತ್ರೂ ಒಂದು ಚೆಂದ” ಅಂದು ಆರತಿ ಎತ್ತಿದರು. ಕಾಲು ಏಳಲಿಲ್ಲ. ಅತ್ತೆಯವರು ದೃಷ್ಟಿ ತೆಗೆದರು. ಏಳಲಿಲ್ಲ. “ಬೈಯ್ರೇ” ಎಂದು ಯಜಮಾನರು ಬೇಡಿದರು. “ಅಯ್ಯೋ, ತಮ್ಮಲ್ಲಿ ಬೈಯುವಂಥದ್ದು ಏನಿದೆ” ಅಂದರು ಹೆಂಡತಿ. ಅವರಿಗೆ ತಿಳಿದಿರಲಿಲ್ಲವೆಂದಲ್ಲ, ಅಭ್ಯಾಸವಿರಲಿಲ್ಲ. ಆ ಮನೆಯಲ್ಲಿ ಗಿಣಿಗೂ ಭೇಷ್ ಅನ್ನುವುದನ್ನಷ್ಟೇ ಕಲಿಸಿದ್ದರು. ಆರತಿಯ ಕರ್ಪೂರ ಮುಗಿಯಿತು, ಅವರೂ ಇಳಿದು ಹೋದರು.

ಮಾರನೆಯ ಬೆಳಗ್ಗೆ ನನ್ನವಳು ಆ ದಾರಿಯಲ್ಲಿ ಬುಟ್ಟಿ ಹೊತ್ತು ಹೊರಟಾಗ ಯಜಮಾನರು ಕರೆದರು. ಹಿಂದೆ ನಾನೂ ಇದ್ದೆ, ಉಪ್ಪಿನ ಡಬ್ಬಿ ಮರೆತದ್ದಕ್ಕೆ ಬೈಸಿಕೊಳ್ಳುತ್ತ.

“ಏನಮ್ಮಾ ತಾಯಿ. ನಿನ್ನ ಬಾಯಿ ದೊಡ್ಡದು ಅಂತಾರೆ. ನನಗೊಂದು ಮಾತು ಅಂದು ಹೋಗು. ಏನು ಬೇಕೋ ಕೇಳು.”

ಅವಳು ಬುಟ್ಟಿ ಇಳಿಸಿದಳು. ಅವರನ್ನು ಮೇಲಿನಿಂದ ಕೆಳಗೆ ನೋಡಿದಳು. ಕೋಟು, ಗುಂಡಿಗಳು, ಕೋಲು. ಸಿಟ್ಟು ಬರುತ್ತದೇನೋ ಎಂದು ನಿಂತು ಕಾಯ್ದಳು. ಬರಲಿಲ್ಲ.

“ಆಗಲ್ಲ ಸ್ವಾಮಿ” ಅಂದಳು. “ನಾನು ನಿಮಗೋಸ್ಕರ ಯಾವತ್ತೂ ಸಾರು ಬಿಸಿ ಮಾಡಿ ಕಾದಿಲ್ಲ. ಸುಮ್ನೆ ಬಾಯಿಗೆ ಬಂದದ್ದು ಅಂದ್ರೆ ಅದು ಗಾಳಿ. ನಿಮ್ಮ ವಿದ್ವಾಂಸರದ್ದು ಇತ್ತಲ್ಲ, ಹಾಗೆ.”

ಒಂದು ಹಿಡಿ ಹುರಿಗಡಲೆ ಅವರ ಜೇಬಿಗೆ ಹಾಕಿ ಬುಟ್ಟಿ ಎತ್ತಿಕೊಂಡಳು.

ಈಗಲೂ ಇದ್ದಾರೆ ಅಲ್ಲಿ. ಊರಿನ ಗಣ್ಯರು ಅದನ್ನು ಪ್ರತಿಮೆಯೆಂದೇ ತಿಳಿದು ಒಂದು ಒಳ್ಳೆಯ ದಿನ ನೋಡಿ ಪರದೆ ಸರಿಸಿ ಅನಾವರಣ ಮಾಡಿದರು. “ನಾನು ಬದುಕಿದ್ದೇನೆ” ಎಂದು ಪ್ರತಿಮೆ ಹೇಳಿತು. “ಎಷ್ಟು ಜೀವಂತವಾಗಿದೆ” ಎಂದು ಗಣ್ಯರು ಶಿಲ್ಪಿಯನ್ನು ಹುಡುಕಿದರು. ಶಿಲ್ಪಿ ಸಿಗದಿದ್ದಕ್ಕೆ ಕಾಲಬುಡದಲ್ಲಿ ಕಲ್ಲು ನೆಟ್ಟರು: ‘ಇವರ ಕಾಲದಲ್ಲಿ ವಾದ್ಯ ಉತ್ತುಂಗಕ್ಕೇರಿತು.’ ದಿಬ್ಬದ ಮೇಲೆ ಒಳ್ಳೆಯ ಹುಲ್ಲಿದೆ. ಮೇಕೆಯವರು ಅವರ ಮೊಣಕಾಲಿಗೆ ಹಗ್ಗ ಕಟ್ಟಿ ಹೋಗುತ್ತಾರೆ. ಅಷ್ಟು ಗಟ್ಟಿ ಗೂಟ ಸುತ್ತಮುತ್ತ ಎಲ್ಲೂ ಇಲ್ಲ. ದಿನಾ ಬೆಳಗ್ಗೆ ಅವರು ಕೋಲು ಎತ್ತಿ, “ಮುಂದೆ ನಡೆ” ಅನ್ನುತ್ತಾರೆ. ಮೇಕೆ ತಲೆಯೆತ್ತಿ ನೋಡುತ್ತದೆ, ಅಗಿಯುತ್ತದೆ, ಹಗ್ಗ ಬಿಟ್ಟಷ್ಟು ದೂರ ಹಿಂದಕ್ಕೆ ನಡೆಯುತ್ತದೆ.

ಪದಕ ಏನಾಯಿತು ಅಂತೀರಾ? ಬಾಣಲೆಯ ಹಿಡಿ ಸಡಿಲವಾಗಿತ್ತು, ಅದಕ್ಕೆ ಬೆಣೆ ಹೊಡೆದಿದ್ದೇವೆ. ಒಂದು ಬೆರಳು ಅಗಲ ಇದ್ದದ್ದು ಸರಿಯಾಗಿ ಕೂತಿತು. ಇನ್ನೊಂದು ವಿಚಾರ ಇದೆ, ನಮ್ಮ ತಾತ ಒಮ್ಮೆ ಗುಡುಗಿನ ಜೊತೆ ಪಂದ್ಯ ಕಟ್ಟಿ…

ತಡೆಯಿರಿ. ಒಳಗಿನಿಂದ ನನ್ನವಳು, ಸಾರು ಆರಿತು, ಜಗುಲಿಯಲ್ಲಿ ಕೂತು ಯಾರ ಕಿವಿಗೆ ಹೂವಿಡ್ತಿದೀರಾ, ನಿಮಗೇನು ಹೊತ್ತುಗೊತ್ತು ಇಲ್ವಾ ಅನ್ನುತ್ತಿದ್ದಾಳೆ. ನಾನು ಇನ್ನೂ ಹೇಳುವವನಿದ್ದೆ. ಆದರೆ ನೋಡಿ, ಎರಡೂ ಕಾಲು ಎದ್ದುಬಿಟ್ಟಿವೆ.